ತಿಳಿ ಬಣ್ಣದ ಅಂಗಿ

ಬಿರುಬೇಸಿಗೆಯಲ್ಲಿ ಕಾಡಿನ ಬೆಟ್ಟ ಹತ್ತಲು ಹೊರಟ ಗಂಡನಿಗೆ ಅಂಗಿ ಆರಿಸಲು ವಾರಿಜ ತಾನೂ ಅಂಗಡಿಗೆ ಬಂದಳು. ಆಫೀಸಿನ ಗೆಳೆಯರ ಜೊತೆ ಚಾರಣಕ್ಕೆ ಹೋಗುತ್ತೇನೆ ಎಂದು ಸುದರ್ಶನ ಮನೆಯಲ್ಲಿ ಹೇಳಿದ್ದ. ನಿಜಕ್ಕೂ ಹೊರಟಿದ್ದವರು ಇಬ್ಬರೇ. ಅವನು ಮತ್ತು ವಾರಿಜಳಿಂದ ಮುಚ್ಚಿಟ್ಟಿದ್ದ ಒಬ್ಬ ಹೆಂಗಸು.

ಅವನು ಕೈಗೆ ಸಿಕ್ಕ ಕಪ್ಪು ಟೀ ಶರ್ಟ್ ಎತ್ತಿಕೊಂಡ.

“ಅದು ಬೇಡ ರೀ. ಕಪ್ಪು ಬಟ್ಟೆ ಮೇಲೆ ಉಣುಗು ಹತ್ತಿದ್ರೆ ಕಾಣಲ್ಲ. ಅದು ಕಚ್ಚಿಯೇ ಅಲ್ವಾ ನಮ್ಮ ಚಿಕ್ಕಪ್ಪ ಮಂಗನ ಕಾಯಿಲೆಯಲ್ಲಿ ಹೋಗಿದ್ದು?”

“ಎರಡು ದಿನಕ್ಕೆ ಏನಾಗುತ್ತೆ ಬಿಡೆ.”

ಅವಳು ಬಿಡಲಿಲ್ಲ. ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದು, ಗಾಳಿಯಾಡುವಷ್ಟು ತೆಳುವಾಗಿದೆಯೇ, ಹುಳ ನುಸುಳದಷ್ಟು ಒತ್ತಾದ ನೇಯ್ಗೆಯೇ ಎಂದು ನೋಡಿದಳು. ಕೊನೆಗೆ ತಿಳಿ ಬೂದು ಬಣ್ಣದ ತುಂಬುತೋಳಿನ ಅಂಗಿಯೊಂದನ್ನು ಅವನಿಗೆ ತೊಡಿಸಿ, ಮುಂಗೈಯ ಗುಂಡಿಗಳನ್ನು ತಾನೇ ಹಾಕಿದಳು. ಅವಳ ಬೆರಳು ತಾಗಿದಾಗ ಸುದರ್ಶನನ ಕತ್ತು ಬೆವರಿತು. ಈಗಲೇ ಎಲ್ಲ ಹೇಳಿಬಿಡಲೇ ಅನ್ನಿಸಿತು.

“ಸೆಖೆ ಆಗ್ತಿದೆಯಾ?”

“ಇಲ್ಲ. ಹಗುರವಾಗಿದೆ.”

“ಎಷ್ಟೇ ಸೆಖೆಯಾದ್ರೂ ಕಾಡಲ್ಲಿ ತೋಳು ಮಡಚ್ಬೇಡಿ.”

“ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ ನೀನು?”

“ಚಿಕ್ಕಪ್ಪ ನರಳಿದ್ದನ್ನ ಪಕ್ಕದಲ್ಲೇ ಕೂತು ನೋಡಿದೀನಿ. ಆ ಸಾವು ಶತ್ರುವಿಗೂ ಬೇಡ.”

ಸುದರ್ಶನ ಬಿಚ್ಚಿಕೊಟ್ಟ ಅಂಗಿಯನ್ನು ಅಂಗಡಿಯವನು ಮಡಚತೊಡಗಿದ. ವಾರಿಜ ಅವನತ್ತ ತಿರುಗಿದಳು.

“ಇದೇ ಥರದ್ದು ಹೆಂಗಸರ ಅಳತೇದೂ ಒಂದು ಕೊಡಿ. ನನಗಲ್ಲ, ಅವಳು ನನಗಿಂತ ಸ್ವಲ್ಪ ಸಣ್ಣ ಇದ್ದಾಳೆ.”