ಒಂದೇ ತಟ್ಟೆ

ಭಾನುವಾರದ ಆರಾಧನೆ ಮುಗಿದ ಮೇಲೆ ಎಲ್ಸಿಬಾಯಿಯ ಎರಡನೇ ಆರಾಧನೆ ಶುರುವಾಗುತ್ತಿತ್ತು. ಆಫ್ರಿಕಾದಲ್ಲಿ ಸುವಾರ್ತೆ ಸಾರಲು ಹೋದ ಮಗನಿಗೆ ಚರ್ಚಿನ ಅಂಗಳದಿಂದಲೇ ವಿಡಿಯೋ ಕಾಲ್ ಮಾಡಿ, ಸ್ತ್ರೀಸಮಾಜದ ಹೆಂಗಸರನ್ನೆಲ್ಲ ಫೋನಿನ ಮುಂದೆ ನಿಲ್ಲಿಸುತ್ತಿದ್ದರು.

ಆ ದಿನ ಅವನು ಮಣ್ಣಿನ ನೆಲದ ಮೇಲೆ ಒಂದು ಕುಟುಂಬದ ಜೊತೆ ಊಟಕ್ಕೆ ಕೂತಿದ್ದ. ನಡುವೆ ಒಂದೇ ತಟ್ಟೆ, ಅದರಲ್ಲಿ ಜೋಳದ ಮುದ್ದೆ, ಎಲ್ಲರ ಕೈಯೂ ಅದರಲ್ಲೇ.

“ಅವರ ಎಂಜಲಿಗೂ ಹೇಸುವುದಿಲ್ಲ ನೋಡಿ ನನ್ನ ಮಗ,” ಎಂದರು ಎಲ್ಸಿಬಾಯಿ, ಒದ್ದೆಯಾಗದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತ. “ದೇವರ ಮುಂದೆ ಕಪ್ಪೇನು, ಬಿಳಿಯೇನು? ಎಲ್ಲರೂ ಅವನ ಮಕ್ಕಳೇ.”

“ನೀವೇ ಹೀಗೆ ಹೇಳಿದ್ದು ಒಳ್ಳೆಯದಾಯಿತಮ್ಮ,” ಎಂದ ಮಗ, ಪಕ್ಕದಲ್ಲಿ ಕೂತಿದ್ದ ಹುಡುಗಿಯ ಕಡೆ ಫೋನು ತಿರುಗಿಸಿ. “ಇವಳು ಈ ಮನೆಯ ಮಗಳು. ಕಳೆದ ತಿಂಗಳು ದೀಕ್ಷಾಸ್ನಾನ ಆಯಿತು. ನಾವಿಬ್ಬರೂ ಮದುವೆಯಾಗಬೇಕು ಅಂತಿದ್ದೇವೆ.”

ಹುಡುಗಿ ಕೈ ಮುಗಿದಳು. ಹೆಂಗಸರೆಲ್ಲ ಎಲ್ಸಿಬಾಯಿಯ ಮುಖ ನೋಡಿದರು. ಎಲ್ಸಿಬಾಯಿ ಫೋನನ್ನು ಎದೆಗವಚಿಕೊಂಡು ಗಂಟೆಗೋಪುರದ ಹಿಂದೆ ಹೋಗಿ, ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೇಳಿದರು:

“ಅವರನ್ನು ಸ್ವರ್ಗಕ್ಕೆ ಸೇರಿಸು ಅಂತ ಕಳಿಸಿದ್ದು ಮಾರಾಯ, ನಮ್ಮ ಮನೆಗಲ್ಲ.”