ಕೊಡಲಿ ತಡೆಯುವವರು

ಸಪೋಟ ಮರ ಕಾಯಿ ಬಿಡದಿದ್ದರೆ ಆ ಊರಲ್ಲಿ ಒಬ್ಬರು ಕೊಡಲಿ ಎತ್ತಿ ಹೆದರಿಸಬೇಕು, ಇನ್ನೊಬ್ಬರು ಬಂದು ಬೇಡವೆಂದು ತಡೆಯಬೇಕು. ಚೌಡಪ್ಪನನ್ನು ತಡೆಯುತ್ತಿದ್ದವಳು ಹೆಂಡತಿ. ಅವಳು ಸತ್ತ ಮೇಲೆ ಅವನನ್ನು ಮಾತಾಡಿಸುವವರೇ ಇರಲಿಲ್ಲ.

"ಈ ಸಲನೂ ಬರೀ ಎಲೆನಾ? ಕಡ್ದು ಒಲೆಗೆ ಹಾಕ್ಬುಡ್ತೀನಿ" ಎಂದು ಗದರಿ ಅವನು ಕೊಡಲಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ತೋಳು ನೋಯತೊಡಗಿತು.

ಜಗಳವಾಡಿ ಮಾತು ಬಿಟ್ಟಿದ್ದ ಪಕ್ಕದ ಮನೆಯ ಮುದುಕಿ ಸಾಕವ್ವ ಗೋಡೆಯಾಚೆಯಿಂದ ಕೂಗಿದಳು. "ಬುಡ್ಲಾ ಚೌಡ, ಬರೋ ವರ್ಸ ಕಾಯಿ ಬುಡ್ತದೆ. ಮರನೂ ನಿನ್ನ ಬಾಯಿಗೆ ಸಿಕ್ಬೇಕಾ?"

"ನಿನ್ನ ಮಾತ್ಗೆ ಬುಟ್ಟಿವ್ನಿ ಕಣವ್ವ" ಎಂದು ಅವನು ಕೊಡಲಿ ಇಳಿಸಿದ.

ಮರುದಿನ ಚೌಡಪ್ಪ, ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿದ್ದ ಸೀಬೆ ಮರದ ಮುಂದೆ ನಿಂತು, ಗೋಡೆಯಾಚೆಗೆ ಕೇಳುವಂತೆ ಗದರಿ ಕೊಡಲಿ ಎತ್ತಿದ.