ವಿಮಾನದ ಸದ್ದು

ನಮ್ಮ ಭಾವನ ಬೀರುವಿನ ತುಂಬ ಹಳೆಯ ಕಾಲದ ರಟ್ಟಿನ ಡಬ್ಬಗಳು. ಒಳಗಿರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಬಣ್ಣ ಬಳಿದರೆ ಪುಟ್ಟ ವಿಮಾನವಾಗುತ್ತದೆ. ಭಾವ ಮಾತ್ರ ಒಂದನ್ನೂ ತೆರೆದಿಲ್ಲ. ಅವುಗಳ ಧೂಳು ಒರೆಸುವ ಶ್ರದ್ಧೆಯಲ್ಲಿ ದೇವರ ಫೋಟೊವನ್ನೂ ಒರೆಸಿದವರಲ್ಲ.

ಮೇಲೆ ಬೆಳ್ಳಿ ಬಣ್ಣದ ವಿಮಾನದ ಚಿತ್ರವಿದ್ದ ಒಂದು ಡಬ್ಬವನ್ನು ನನ್ನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು.

"ಕೇಳಿಸ್ತಾ? ದಪ್ಪ ಸದ್ದು ಚಕ್ರದ್ದು. ಸಣ್ಣ ಸದ್ದು ಪೈಲಟ್‌ದು. ಒಂದು ಚೂರೂ ಕಳೆದಿಲ್ಲ. ಸದ್ದಲ್ಲೇ ಹೇಳ್ತೀನಿ ನಾನು!"

"ಕಟ್ಟಬಾರದಾ ಭಾವ?"

"ಕಟ್ಟೋರು ಚಿಕ್ಕ ಮಕ್ಕಳು. ನಾವು ಕಾಯ್ದಿಡೋರು."

ಮೇಲಿಂದ ಅಕ್ಕ ಕೂಗಿದಳು, "ಸಾಕು ಬಾರೇ, ಸಂಡಿಗೆ ತೆಗೀಬೇಕು."

ತಾರಸಿಗೆ ಹೋದೆ. ಒಣಹಾಕಿದ್ದ ಸಂಡಿಗೆಯ ಮೇಲೆ, ದಾರದ ತುದಿಯಲ್ಲಿ, ಡಬ್ಬದ ಚಿತ್ರದಲ್ಲಿದ್ದ ಅದೇ ಬೆಳ್ಳಿ ಬಣ್ಣದ ವಿಮಾನ ಗಿರಗಿರ ಸುತ್ತುತ್ತಿತ್ತು. ಒಂದು ಕಾಗೆಯೂ ಹತ್ತಿರ ಸುಳಿದಿರಲಿಲ್ಲ.

"ಅಕ್ಕಾ! ಇದು ಭಾವಂದಲ್ವಾ?"

"ಹೂಂ ಕಣೆ. ಅವರು ಆಫೀಸಿಗೆ ಹೋದಾಗ ಕೂತು ಅಂಟಿಸಿದೆ. ಡಬ್ಬಾನ ಮತ್ತೆ ಹಾಗೇ ಮುಚ್ಚಿಟ್ಟೆ."

"ಮತ್ತೆ ಈಗ ಒಳಗೆ ಸದ್ದು ಮಾಡಿದ್ದು?"

"ಚಕ್ರ ಹುಣಸೆ ಬೀಜ. ಪೈಲಟ್ ಮೆಂತ್ಯದ ಕಾಳು."